ಕರಾಚಿಯಿಂದ ಬೊಂಬಾಯಿಗೆ ಐದು ಹೊಳೆ

ವಿಮಾನದ ವಿಷಯದಲ್ಲಿ ನಮ್ಮ ಸಾಸ್ತಾನದ ಸೋದರಮಾವನಷ್ಟು ತಿಳಿದವರು ಪೈಲಟ್ಟುಗಳಲ್ಲೂ ಇದ್ದಿರಲಿಕ್ಕಿಲ್ಲ! ಅವರು ವಿಮಾನವನ್ನೇ ನೋಡಿರಲಿಲ್ಲ ಎಂಬುದು ಬೇರೆ ಮಾತು. ನೋಡಿದವರೆಲ್ಲ ತಿಳಿದವರೇನು?

ಅವರ ಬಳಿ ಇದ್ದದ್ದು ಶಾಲೆಯವರು ಎಸೆದ ಒಂದು ಹರಕು ನಕ್ಷೆ. ಅಳತೆಗೆ ಜನಿವಾರ. ಅದನ್ನು ಮೈಯಿಂದ ತೆಗೆಯುವಂತಿಲ್ಲವಲ್ಲ? ಹಾಗಾಗಿ ಎರಡು ಊರಿನ ದೂರ ಅಳೆಯಬೇಕಾದರೆ ಮಾವ ನಕ್ಷೆಯ ಮೇಲೆಯೇ ಕವುಚಿ ಮಲಗುತ್ತಿದ್ದರು. ಒಮ್ಮೆ ಅಲ್ಲಿಯೇ ನಿದ್ದೆ ಹೋಗಿ, ಬೆವರಿಗೆ ಸಿಲೋನು ಪೂರ್ತಿ ಅಳಿಸಿಹೋಯಿತು!

ಇನ್ನೊಮ್ಮೆ ಬ್ರಹ್ಮಾವರದ ಮದುವೆಗೆ ಹೊರಟವರು ಮಾಬುಕಳದ ಹೊಳೆ ದಾಟಲು ದೋಣಿ ಕಾಯುತ್ತ, ಮದರಾಸಿನಿಂದ ಕೊಲಂಬೊಗೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕಲು ಕುಳಿತರು. ಲೆಕ್ಕ ಮುಗಿಯುವಷ್ಟರಲ್ಲಿ ದೋಣಿಯೂ ಹೋಯಿತು, ಮುಹೂರ್ತವೂ ಹೋಯಿತು. ಆ ಮದುವೆಗೆ ಪುರೋಹಿತರು ಅವರೇ!

ದೇಶ ಎರಡಾದ ವರ್ಷ. ಮಾವನ ತಂಗಿ, ಅಂದರೆ ನನ್ನ ಚಿಕ್ಕಮ್ಮ, ಗಂಡನ ಹೋಟೆಲಿನ ದೆಸೆಯಿಂದ ಕರಾಚಿಯಲ್ಲಿದ್ದಳು. ಅಲ್ಲಿಯ ಗಲಭೆಯ ಸುದ್ದಿ ಕೇಳಿ ಅಜ್ಜಿ ಅರ್ಧ ಇಳಿದುಹೋಗಿದ್ದರು. ಕಡೆಗೂ ಕಾಗದ ಬಂತು: 'ಗುರುವಾರ ಬೆಳಿಗ್ಗೆ ಎಂಟಕ್ಕೆ ವಿಮಾನ. ಬೊಂಬಾಯಿಯಲ್ಲಿ ಇಳಿದ ಕೂಡಲೇ ತಂತಿ ಕೊಡುತ್ತೇವೆ.'

ಮಾವ ನಕ್ಷೆಯ ಮೇಲೆ ಮಲಗಿದರು. ಐನೂರೈವತ್ತು ಮೈಲಿ, ನಾಲ್ಕು ತಾಸು. ಅಷ್ಟಕ್ಕೇ ಬಿಟ್ಟರೆ ಅವರು ನಮ್ಮ ಮಾವ ಹೇಗಾದಾರು?

"ನಡುವೆ ಐದ್ ಹೊಳಿ ಇತ್ತ್. ಒಂದೊಂದಕ್ಕೆ ಅರ್ಧ ತಾಸ್ ಹಿಡಿ."

"ವಿಮಾನ ಮೇಲಿಂದ ಹಾರತ್ತಲ್ಲ ಮಾವ, ಹೊಳಿ ಎಂತಕ್ಕೆ?"

"ಬ್ರಹ್ಮಾವರಕ್ಕೆ ಹೋಪತಿಗೆ ಹೊಳಿಬದಿಯಂಗೆ ಕಾಯದೆ ಹೋದ್ದ್ ಇತ್ತಾ ನೀನ್? ಹೊಳಿ ಅಂದ್ರೆ ಹೊಳಿ ಮಾರಾಯ!"

ಊರೆಲ್ಲ ನಕ್ಕಿತು. ಮಾಬುಕಳದ ದೋಣಿಯವನಂತೂ ಕೂಗಿ ಕೇಳಿದ: "ಹ್ವಾಯ್ ಭಟ್ರೆ, ಆಕಾಶದಂಗೆ ಹುಟ್ಟ್ ಹಾಕುಕೆ ನಾ ಬರ್ಕಾ?"

ಗುರುವಾರ ಹನ್ನೆರಡು ಹೊಡೆಯಿತು. ತಂತಿ ಇಲ್ಲ. ಅಜ್ಜಿ ಉಪವಾಸ ಜಗಲಿಯಲ್ಲಿ ಕುಳಿತಿದ್ದರು. ಎರಡೂವರೆಗೆ ಮಾವನ ಐದೂ ಹೊಳೆ ಮುಗಿದವು. ಅಜ್ಜಿ ಮಗನ ಮುಖ ನೋಡಿದರು.

"ಇಲ್ಲಿ ಕಾಣ್ ಅಮ್ಮ, ಒಂದ್ ಹೊಳಿ ಬಿಟ್ಟ್ ಹೋಯಿತ್ತ್," ಎಂದರು ಮಾವ. "ಇನ್ನೂ ಹೊತ್ತ್ ಇತ್ತ್."

ಮೂರಕ್ಕೆ ಇನ್ನೊಂದು ಹೊಳೆ ಸಿಕ್ಕಿತು. ನಾಲ್ಕಕ್ಕೆ ಮತ್ತೆರಡು. ಇದೆಂಥ ಹೊಸ ಹುಚ್ಚು ಎಂದು ಅಣಕಿಸಲು ಬಗ್ಗಿ ನೋಡಿದೆ. ಅವರ ಬೆರಳಿದ್ದಲ್ಲಿ ಹೊಳೆಯೇ ಇರಲಿಲ್ಲ. ಪೆನ್ಸಿಲಿನಲ್ಲಿ ಅವರೇ ಎಳೆದ ಗೀಟು ಇತ್ತು. ನನಗೆ ನಾಚಿಕೆಯಾಯಿತು.

ಎಲ್ಲರೂ ಕ್ಷೇಮವೆಂಬ ತಂತಿ ಬಂದದ್ದು ಮರುದಿನ. ಆದರೆ ಆ ಸಂಜೆ ಅದು ಯಾರಿಗೆ ಗೊತ್ತಿತ್ತು? ಅಜ್ಜಿ ಮೆಲ್ಲಗೆ ಕೇಳಿದರು: "ಆ ಹೊಳಿಯಂಗೆಲ್ಲ ನೀರ್ ಹೆಚ್ಚ್ ಇತ್ತಾ ಮಗಾ?"

"ಇಲ್ಲೆ ಅಮ್ಮ. ಮೊಣಕಾಲಷ್ಟೇ."

ಹಾಗೆಂದು ಮಾವ ಅವರ ಮುಂದೆ ಬಟ್ಟಲಿಟ್ಟು ಗಂಜಿ ಬಡಿಸಿದರು. ಅಜ್ಜಿ ಉಂಡರು.