ಎಬ್ಬಿಸಲಾಗದ ಟರ್ಕಿಯವರಿಗೆ, ಎಬ್ಬಿಸಲ್ಪಟ್ಟ ಬಾಡಿಗೆದಾರಳ ಅರಿಕೆ

ಶ್ರೀಮಾನ್ ಕಾಡು ಟರ್ಕಿ ಕೋಳಿಯವರ ದಿವ್ಯ ಸನ್ನಿಧಾನಕ್ಕೆ,
ಎಲೆಗುಡ್ಡೆ ನಿವಾಸ, ಹದಿನೇಳನೇ ನಂಬರಿನ ಮನೆಯ ಹಿತ್ತಲು,
ಬ್ಯಾಂಕ್ಸಿಯಾ ಪಾಯಿಂಟ್, ಉತ್ತರ ಸಿಡ್ನಿ.

ಮಾನ್ಯರೇ,

ಕೆಂಪು ತಲೆ, ಹಳದಿ ಕೊರಳಪಟ್ಟಿ ಮತ್ತು ಬೀಸಣಿಗೆಯಂಥ ಬಾಲದಿಂದ ಶೋಭಿಸುವ ತಮಗೆ, ಅದರಲ್ಲೂ ನನ್ನ ಬಟಾಣಿ ಬಳ್ಳಿಗಳನ್ನು ಒಂದೇ ಬೆಳಗಿನಲ್ಲಿ ಬುಡಸಮೇತ ಗುಡಿಸಿ ಹಾಕಿದ ತಮ್ಮ ಬಲಗಾಲಿಗೆ, ಟ್ಯಾಮ್ಸಿನ್ ಡೋಹರ್ಟಿ ಎಂಬ ನಾನು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಕಿಟಕಿಯಿಂದಲೇ ಕಾಣುತ್ತಿದೆ. ನಮ್ಮ ಕ್ಷೇಮದ ಬಗ್ಗೆ ತಾವು ಕೇಳಲಿಲ್ಲವಾದರೂ ಈ ಪತ್ರವಿರುವುದೇ ಅದನ್ನು ಹೇಳಲು.

ತಮಗೆ ನನ್ನ ಪರಿಚಯವಿರಲಿಕ್ಕಿಲ್ಲ. ತಮ್ಮ ಎಲೆಗುಡ್ಡೆಯಿಂದ ಆರು ಹೆಜ್ಜೆ ದೂರದಲ್ಲಿ, ಲಾರ್ಕಿನ್ ದಂಪತಿಯ ದೊಡ್ಡ ಮನೆಯ ಹಿಂದೆ, ಒಂದು ಕೋಣೆ, ಒಂದು ಅಡುಗೆಕಟ್ಟೆ ಮತ್ತು ಬಾಗಿಲು ಪೂರ್ತಿ ತೆರೆಯದ ಒಂದು ಬಚ್ಚಲು ಇರುವ ಪುಟ್ಟ ಮನೆಯಲ್ಲಿ ಆರು ವರ್ಷದಿಂದ ಬಾಡಿಗೆಗೆ ಇರುವವಳು ನಾನೇ. ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕಸುಬು, ಇಲ್ಲಿಯ ಆಸ್ಪತ್ರೆಯಲ್ಲಿ. ಬೆಳಗ್ಗೆ ಕಾಫಿ ಲೋಟ ಹಿಡಿದು ತಮ್ಮನ್ನು ಬಯ್ಯಲು ಹೊರಗೆ ಬರುವ ಉದ್ದನೆಯ ಮನುಷ್ಯ ನನ್ನ ಸಂಗಾತಿ ಕೀರನ್ ವೆಲ್ಲಾ, ಇಲ್ಲಿಯದೇ ಹೈಸ್ಕೂಲಿನ ಗಣಿತದ ಮೇಷ್ಟ್ರು. ಅಂದರೆ ಈ ಊರಿನ ಮಕ್ಕಳಿಗೆ ಲೆಕ್ಕವನ್ನೂ ಹಿರಿಯರಿಗೆ ಮಾತನ್ನೂ ಕಲಿಸುವ ಇಬ್ಬರು ಒಂದು ಕೋಣೆಯಲ್ಲಿದ್ದಾರೆ, ಯಾರಿಗೂ ಏನನ್ನೂ ಕಲಿಸದ ತಾವು ಇಡೀ ಹಿತ್ತಲಿನಲ್ಲಿದ್ದೀರಿ. ಇದು ಅಸೂಯೆಯಲ್ಲ, ಮೆಚ್ಚುಗೆ.

ಮೆಚ್ಚದೆ ಇರಲು ಹೇಗೆ ಸಾಧ್ಯ? ಎದುರುಮನೆಯವರು ಜಗುಲಿಗೊಂದು ಮಾಡು ಹಾಕಿಸಲು ನಗರಸಭೆಯ ಅನುಮತಿಗಾಗಿ ಒಂದೂವರೆ ವರ್ಷ ಅಲೆದು ಸೋತರು. ತಾವಾದರೋ ಆಗಸ್ಟ್ ತಿಂಗಳಲ್ಲಿ ನಕ್ಷೆಯಿಲ್ಲದೆ, ಅರ್ಜಿಯಿಲ್ಲದೆ, ನೆರೆಹೊರೆಯವರ ಆಕ್ಷೇಪಣೆಗೆ ಕಿವಿಗೊಡದೆ, ಹತ್ತೇ ದಿನದಲ್ಲಿ ಕೀರನ್‌ನ ಎದೆಯ ಎತ್ತರಕ್ಕೆ, ಕೊಳೆಯುವ ಎಲೆಯ ಕಾವಿನಲ್ಲೇ ಮೊಟ್ಟೆ ಮರಿಯಾಗಲೆಂದು, ಒಂದು ಗುಡ್ಡವನ್ನೇ ಎಬ್ಬಿಸಿದಿರಿ. ಅದಕ್ಕೆ ಬೇಕಾದ ಸಾಮಗ್ರಿ ನಾವು ಎರಡು ವರ್ಷ ಕೂಡಿಸಿದ್ದ ಎಲೆಗೊಬ್ಬರ, ನನ್ನ ತರಕಾರಿ ಪಾತಿ, ಕಾಲೊರೆಸುವ ಒಂದು ಚಾಪೆ ಮತ್ತು ಕೀರನ್‌ನ ಎಡಗಾಲಿನ ಚಪ್ಪಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ನಂಬಿ ಮಂಡಿ ಮಡಚಿಕೊಂಡೇ ಮೂವತ್ತು ದಾಟಿದ ನಮಗೆ, ಕಾಲು ಚಾಚಿದಷ್ಟೂ ಹಾಸಿಗೆ ಎಂದು ತೋರಿಸಿಕೊಟ್ಟವರು ತಾವು.

ಆಗ ನನಗೆ ಇಷ್ಟು ವಿವೇಕ ಇರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಸೆಪ್ಟೆಂಬರಿನಲ್ಲಿ ನಗರಸಭೆಗೆ ನಾನೊಂದು ದೂರು ಬರೆದೆ. ಅದರಲ್ಲಿ ತಮ್ಮನ್ನು ಬಿಟ್ಟಿ ವಾಸಿ ಎಂದೂ ಅಕ್ರಮ ಕಟ್ಟಡದ ಮಾಲೀಕ ಎಂದೂ ಕರೆದೆ, ಕೂಡಲೇ ತೆರವುಗೊಳಿಸಬೇಕೆಂದು ಕೋರಿದೆ. ನಾಲ್ಕೇ ದಿನದಲ್ಲಿ ಬಹಳ ಸೌಜನ್ಯದ ಉತ್ತರ ಬಂತು. ತಾವು ಕಾನೂನಿನ ರಕ್ಷಣೆಯಲ್ಲಿರುವವರಂತೆ, ಗುಡ್ಡದೊಳಗೆ ಮೊಟ್ಟೆ ಇರುವವರೆಗೆ ಒಂದು ಎಲೆಯನ್ನೂ ಅಲುಗಿಸುವಂತಿಲ್ಲವಂತೆ, ನಿವಾಸಿಗಳು ತಮ್ಮೊಂದಿಗೆ ಹೊಂದಿಕೊಂಡು ಬಾಳುವುದನ್ನು ಕಲಿಯಬೇಕಂತೆ. ಜೊತೆಗೆ ತಮ್ಮ ಭಾವಚಿತ್ರವಿದ್ದ ಬಣ್ಣದ ಕರಪತ್ರವೊಂದನ್ನೂ ಇಟ್ಟಿದ್ದರು. ಕೀರನ್ ಸೋಲೊಪ್ಪದೆ, ಬೀದಿಯಂಚಿನಲ್ಲಿ ಯಾರೋ ಎಸೆದಿದ್ದ ನಿಲುವುಗನ್ನಡಿಯನ್ನು ಹೊತ್ತು ತಂದು ಗುಡ್ಡದ ಎದುರು ನಿಲ್ಲಿಸಿದ. ಪ್ರತಿಸ್ಪರ್ಧಿ ಬಂದನೆಂದು ತಾವು ಹೆದರಿ ಓಡುತ್ತೀರೆಂದು ಅವನ ಲೆಕ್ಕ. ತಾವು ಅರ್ಧ ಗಂಟೆ ಅದರ ಮುಂದೆ ನಿಂತು, ಕತ್ತು ಆಚೆ ಈಚೆ ತಿರುಗಿಸಿ, ತಮ್ಮ ಕೊರಳಪಟ್ಟಿಯ ಅಂದವನ್ನು ನೋಡಿ ಸಂತೋಷಪಟ್ಟಿರಿ. ಗಣಿತದ ಮೇಷ್ಟ್ರ ಲೆಕ್ಕ ತಪ್ಪಿದ್ದು ನಾನು ನೋಡಿದ ಹಾಗೆ ಅದೊಂದೇ ಸಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ವಯಸ್ಸಿನವರಲ್ಲಿ ಒಂದು ಪದ್ಧತಿಯಿದೆ. ಬಾಡಿಗೆ ತಾಳಲಾರದೆ ಯಾರು ಊರು ಬಿಡುತ್ತಾರೋ ಅವರು ತಮ್ಮ ಮನೆಯ ಗಿಡದ ಕುಂಡಗಳನ್ನು ಉಳಿದವರಿಗೆ ಕೊಟ್ಟು ಹೋಗುತ್ತಾರೆ, ಕಾರಿನಲ್ಲಿ ಗಿಡಕ್ಕೆ ಜಾಗವಿರುವುದಿಲ್ಲವಲ್ಲ. ಹೋಬಾರ್ಟಿಗೆ ಹೋದ ದಂತವೈದ್ಯೆ ಒಂದು ರಬ್ಬರ್ ಗಿಡ ಕೊಟ್ಟಳು. ನ್ಯೂಕಾಸಲ್‌ಗೆ ಹೋದ ಇಬ್ಬರು ನರ್ಸುಗಳು ಮೂರು ಜರೀಗಿಡ ಕೊಟ್ಟರು. ಹೀಗೆ ಹನ್ನೊಂದು ಕುಂಡಗಳಾಗಿ, ನಮ್ಮ ಬಚ್ಚಲಿನ ಬಾಗಿಲು ಪೂರ್ತಿ ತೆರೆಯದಿರುವುದಕ್ಕೆ ಈಗ ಅವೂ ಕಾರಣವಾಗಿವೆ. ಪ್ರತಿ ಬೀಳ್ಕೊಡುಗೆಯ ಮಾರನೆಯ ದಿನ, ಶನಿವಾರದ ತಿಂಡಿಯ ಹೊತ್ತಿಗೆ, ಇರೋಣವೋ ಹೋಗೋಣವೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ತಪ್ಪದೆ ನಡೆಯುತ್ತದೆ. ಹೋಗೋಣ ಎನ್ನುವವನು ಕೀರನ್. ಇಲ್ಲಿಂದ ಐದು ಗಂಟೆಯ ದಾರಿಯ ಡಬ್ಬೋ ಊರಿನ ಶಾಲೆಯವರು ಅವನಿಗೆ ಕೆಲಸದ ಜೊತೆ ಇರಲು ಮನೆಯನ್ನೂ ಕೊಡುತ್ತೇವೆ, ಡಿಸೆಂಬರ್ ಹತ್ತರೊಳಗೆ ಉತ್ತರ ಹೇಳಿ ಎಂದು ಬರೆದಿದ್ದರು. ಇರೋಣ ಎನ್ನುವವಳು ನಾನು. ಬೆಳಗ್ಗೆ ಕೆಲಸಕ್ಕೆ ಮುಂಚೆ ಕೊಲ್ಲಿಯ ನೀರಿಗಿಳಿದು ಈಜಿ ಬರುವುದನ್ನು ನಾನು ಬಿಡಲಾರೆ. ಅದಕ್ಕಿಂತ ಹೆಚ್ಚಾಗಿ, ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೂರು ಹುದ್ದೆಗಳಿದ್ದು, ಎರಡು ಖಾಲಿ ಬಿದ್ದಿವೆ, ಬಂದವರಿಗೆ ಸುತ್ತಮುತ್ತ ಮನೆ ಸಿಗುವುದಿಲ್ಲ. ಮೂರನೆಯ ಹುದ್ದೆ ನಾನು.

ಹೀಗಿರುವಾಗ, ತಮ್ಮ ಕರಪತ್ರ ಬಂದ ಎರಡು ವಾರಕ್ಕೆ ನಮ್ಮ ಬಗ್ಗೆಯೂ ಒಂದು ಪತ್ರ ಬಂತು. ಹಿತ್ತಲಮನೆಯನ್ನು ಕೆಡವಿ ಈಜುಕೊಳ ತೋಡಿಸಬೇಕಾಗಿದೆ, ತೊಂಬತ್ತು ದಿನದೊಳಗೆ ಖಾಲಿ ಮಾಡಿ ಎಂದು ಶ್ರೀಮತಿ ಲಾರ್ಕಿನ್ ಬರೆದಿದ್ದರು. ನಮ್ಮೊಂದಿಗೆ ಹೊಂದಿಕೊಂಡು ಬಾಳಲು ಯಾರಿಗೂ ಸೂಚನೆ ಇರಲಿಲ್ಲ. ನಮ್ಮ ಭಾವಚಿತ್ರವಿರುವ ಕರಪತ್ರವೂ ಇರಲಿಲ್ಲ.

ಶ್ರೀಮತಿ ಲಾರ್ಕಿನ್ ಕೆಟ್ಟವರಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಕ್ರಿಸ್‌ಮಸ್‌ಗೆ ನಮಗೂ ಹಣ್ಣಿನ ಕೇಕ್ ಕಳಿಸುವವರು. ಅವರ ಯಜಮಾನರು ದೊಡ್ಡ ಹಡಗುಗಳಿಗೆ ದಾರಿ ತೋರಿಸಿ ಬಂದರಿನೊಳಕ್ಕೆ ತರುತ್ತಿದ್ದವರು, ಹೋದ ವರ್ಷ ಪಾರ್ಶ್ವವಾಯುವಾಗಿ ಮಾತು ಹೋಯಿತು. ಆಸ್ಪತ್ರೆಯ ಸರದಿಯಲ್ಲಿ ಏಳು ತಿಂಗಳು ಕಾಯಬೇಕಿತ್ತಾದ್ದರಿಂದ, ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ ಅವರ ಜಗುಲಿಯಲ್ಲಿ ಕೂತು ನಾನೇ ಪಾಠ ಹೇಳುತ್ತಿದ್ದೆ. ಪಾಠವೆಂದರೆ ದೊಡ್ಡದೇನಲ್ಲ. ನಲವತ್ತು ನಿಮಿಷ ಅವರ ಮಾತಿಗಾಗಿ ಕಾಯುವುದು, ಅಷ್ಟೆ. ಶ್ರೀಮತಿಯವರಿಗೆ ಕಾಯುವುದು ಕಷ್ಟ. ಯಜಮಾನರು “ಟೀ” ಎನ್ನುವಷ್ಟರಲ್ಲಿ ಪ್ರೀತಿಯಿಂದ ಹಾಲು, ಸಕ್ಕರೆ, ಬಿಸ್ಕತ್ತು ಎಲ್ಲವನ್ನೂ ತಾವೇ ಹೇಳಿ ಮುಗಿಸಿಬಿಡುತ್ತಾರೆ. ನೋಟಿಸು ಕೊಟ್ಟ ವಾರವೂ ಅವರು ಎಂದಿನಂತೆ ನನಗೆ ಟೀ ತಂದುಕೊಟ್ಟರು. ಈಜುಕೊಳಕ್ಕೂ ಪಾಠಕ್ಕೂ ಸಂಬಂಧವಿದೆಯೆಂದು ಅವರಿಗೆ ಹೊಳೆದೇ ಇರಲಿಲ್ಲ. ನನಗೆ ಹೇಳಲು ಬಾಯಿ ಬರಲಿಲ್ಲ, ಅದೂ ಮಾತು ಕಲಿಸುವವಳಿಗೆ.

ಆಗ ತಾವು ಕಾಪಾಡಿದಿರಿ. ಗುಂಡಿ ತೋಡುವ ಗುತ್ತಿಗೆದಾರ ಅಳತೆಗೆಂದು ಬಂದವನು ತಮ್ಮ ಗುಡ್ಡವನ್ನು ನೋಡಿದ, ಗುಡ್ಡದ ಮೇಲೆ ನಿಂತ ತಮ್ಮನ್ನು ನೋಡಿದ, ಟೇಪನ್ನು ಮಡಚಿ ಜೇಬಿಗೆ ಹಾಕಿದ. ಮೊಟ್ಟೆಗಳು ಒಡೆದು ಋತು ಮುಗಿಯುವವರೆಗೆ, ಅಂದರೆ ಫೆಬ್ರುವರಿಯವರೆಗೆ, ಈ ಹಿತ್ತಲಿನಲ್ಲಿ ಗುದ್ದಲಿ ಹಾಕಲಾರೆನೆಂದು ಹೇಳಿ ಹೊರಟುಹೋದ. ಗುದ್ದಲಿ ಬೀಳುವವರೆಗೆ ನೀವೂ ಇರಿ ಎಂದು ಶ್ರೀಮತಿ ಲಾರ್ಕಿನ್ ಉದಾರವಾಗಿ ನಮ್ಮ ನೋಟಿಸನ್ನು ಮುಂದೂಡಿದರು.

ಅಂದಿನಿಂದ ನಾನು ತಮ್ಮ ಸೇವಕಿಯಾದದ್ದು ತಮ್ಮ ಗಮನಕ್ಕೆ ಬಂದಿರಬಹುದು. ದಿನವೂ ರಸ್ತೆಯ ತರಗೆಲೆ ಗುಡಿಸಿ ಚೀಲದಲ್ಲಿ ತಂದು ಸುರಿದವಳು ನಾನು. ಮೂರನೇ ಮನೆಯ ನಾಯಿ ಬೇಲಿ ನುಸುಳಿದಾಗ ಪೊರಕೆ ಹಿಡಿದು ಅಟ್ಟಿದವಳೂ ನಾನೇ. ಗುಡ್ಡ ತಣ್ಣಗಾಗಿದೆಯೋ ಎಂದು ತಾವು ಕೊಕ್ಕು ಚುಚ್ಚಿ ಪರೀಕ್ಷಿಸುವಾಗಲೆಲ್ಲ ನಾನು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ. ಹೊಸ ಹೆಣ್ಣು ಟರ್ಕಿಯೊಂದು ಬಂದು ಮೊಟ್ಟೆಯಿಟ್ಟರೆ, ಅದು ಮರಿಯಾಗುವವರೆಗೆ ನಮಗೆ ಇನ್ನೂ ಏಳು ವಾರ ಸಿಕ್ಕಿತೆಂದು ಕೀರನ್‌ಗೆ ಫೋನು ಮಾಡಿ ಹೇಳುತ್ತಿದ್ದೆ. ಅವನು ಒಂದು ಸಂಜೆ ಶಾಲೆಯಿಂದ ಬಂದಾಗ ನಾನು ತಲೆಯಲ್ಲೆಲ್ಲ ಎಲೆ ಸಿಕ್ಕಿಸಿಕೊಂಡು ಚೀಲ ಸುರಿಯುತ್ತಿದ್ದೆ. ಅವನು ನಗಲಿಲ್ಲ. ಬ್ಯಾಗನ್ನು ಕೆಳಗಿಟ್ಟು ಹೇಳಿದ:

“ಟ್ಯಾಮ್, ನಾವು ಈ ಊರಲ್ಲಿ ಇರೋದು ಒಂದು ಕೋಳಿ ದಯೆಯಿಂದ. ಗೊತ್ತಾಗ್ತಿದೆಯಾ ನಿಂಗೆ?”

ಗೊತ್ತಾಗುತ್ತಿತ್ತು. ಅದಕ್ಕೇ ಅವನ ಜೊತೆ ಎರಡು ದಿನ ಮಾತು ಬಿಟ್ಟೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂದು ಗಾದೆ ಇದೆಯಲ್ಲ, ಅದು ಸುಳ್ಳಲ್ಲ.

ಡಿಸೆಂಬರ್ ಎಂಟರ ಬೆಳಗ್ಗೆ ತಮ್ಮ ಗುಡ್ಡದ ಒಂದು ಪಕ್ಕ ಅಲುಗಿತು. ನೋಡನೋಡುತ್ತ ಎಲೆಗಳ ನಡುವಿನಿಂದ ಮುಷ್ಟಿಗಾತ್ರದ ಕಂದು ಮರಿಯೊಂದು ಹೊರಗೆ ಬಂತು. ಎರಡು ದಿನ ಕತ್ತಲಲ್ಲಿ ಒಂಟಿಯಾಗಿ ಅಗೆದುಕೊಂಡು ಬಂದದ್ದಂತೆ, ಕರಪತ್ರದಲ್ಲಿ ಬರೆದಿದೆ. ತಾವು ಎರಡಡಿ ದೂರದಲ್ಲಿದ್ದಿರಿ. ಮರಿ ಮೈ ಕೊಡವಿಕೊಂಡಿತು. ತಾವು ಎಲೆ ಕೆರೆಯುತ್ತಿದ್ದವರು ಅದನ್ನೂ ಒಂದು ಎಲೆಯೆಂದೇ ಭಾವಿಸಿ ಕಾಲಿನಿಂದ ಹಿಂದಕ್ಕೆ ಎಸೆದಿರಿ. ಅದು ಬಿದ್ದಲ್ಲಿಂದ ಎದ್ದು, ಬೇಲಿಯ ಕೆಳಗೆ ನುಸುಳಿ, ಒಮ್ಮೆಯೂ ಹಿಂದೆ ನೋಡದೆ ಹೊರಟುಹೋಯಿತು. ತಾವೂ ನೋಡಲಿಲ್ಲ. ಮಾನ್ಯರೇ, ನನಗೆ ಅಳು ಬಂತು. ತಮ್ಮ ಮೇಲೆ ಕೋಪವೂ ಬಂತು. ಆಮೇಲೆ ಯೋಚಿಸಿದರೆ, ಈ ಊರು ಹನ್ನೊಂದು ಕುಂಡಗಳ ಒಡೆಯರನ್ನು ಕಳಿಸಿಕೊಟ್ಟದ್ದೂ ಹೀಗೆಯೇ. ನನಗೆ ಹೋಗಲು ಇಷ್ಟವಿಲ್ಲ, ಇವತ್ತಿಗೂ ಇಲ್ಲ. ಆದರೆ ಇಷ್ಟವಿರುವ ಊರಿನಲ್ಲಿ ಮೊಟ್ಟೆ ಎಣಿಸುತ್ತ ಬದುಕಲಾರೆ ಎಂದು ಅವತ್ತು ತಿಳಿಯಿತು. ಹತ್ತನೇ ತಾರೀಖು ಕೀರನ್ ಡಬ್ಬೋಗೆ ಒಪ್ಪಿಗೆ ಬರೆದ.

ಶನಿವಾರದ ಪಾಠಕ್ಕೆ ಹೋಗಿ ವಿಷಯ ತಿಳಿಸಿದೆ. ಶ್ರೀಮತಿ ಲಾರ್ಕಿನ್ ಟೀ ತಟ್ಟೆಯನ್ನು ಮೇಜಿನ ಮೇಲಿಟ್ಟು ನಿಜವಾಗಿ ನೊಂದುಕೊಂಡರು.

“ಅಲ್ಲಮ್ಮಾ, ನಿಮ್ಮಂಥ ಹುಡುಗರೆಲ್ಲ ಹೀಗೆ ಬಿಟ್ಟು ಹೋದ್ರೆ ನಮ್ಮನ್ನ ನೋಡ್ಕೊಳ್ಳೋರು ಯಾರು?”

ನಾನು ಗುಡ್ಡದ ಮೇಲೆ ನಿಂತಿದ್ದ ತಮ್ಮ ಕಡೆ ಕೈ ತೋರಿಸಿದೆ. ಅವರು ಮೊದಲು ತಮ್ಮನ್ನು ನೋಡಿದರು, ಆಮೇಲೆ ನಮ್ಮ ಮನೆಯನ್ನು, ಆಮೇಲೆ ಯಜಮಾನರನ್ನು. ಆಗ ಯಜಮಾನರು ಬಾಯಿ ತೆರೆದರು. ಮೊದಲ ಪದಕ್ಕೂ ಕೊನೆಯ ಪದಕ್ಕೂ ನಡುವೆ ನಾಲ್ಕು ನಿಮಿಷವಾಯಿತು, ನಾನು ಗಡಿಯಾರ ನೋಡುತ್ತಿದ್ದೆ.

“ಹೊರಡು... ನೀರು... ಇಳಿಯೋಕೆ ಮುಂಚೆ.”

ಸಮುದ್ರದ ಉಬ್ಬರ ಇಳಿಯುವ ಮೊದಲೇ ಬಂದರು ಬಿಡಿ ಎಂದು ನಲವತ್ತು ವರ್ಷ ಹಡಗುಗಳಿಗೆ ಹೇಳಿದ ಮಾತಿರಬೇಕು. ಅವರು ಕಳೆದ ಒಂದು ವರ್ಷದಲ್ಲಿ ಹೇಳಿದ ಮೊದಲ ಪೂರ್ತಿ ವಾಕ್ಯ ಅದು. ಶ್ರೀಮತಿಯವರು ಅದನ್ನು ನಡುವೆ ಮುಗಿಸಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಇಷ್ಟು. ಕೀರನ್‌ನ ಎಡಗಾಲಿನ ಚಪ್ಪಲಿಯನ್ನು ಮರಳಿಸಬೇಕು, ಬಲಗಾಲಿನದು ಅದಕ್ಕಾಗಿ ಕಾದಿದೆ. ಹನ್ನೊಂದು ಕುಂಡಗಳನ್ನು ಪದ್ಧತಿಯಂತೆ ಉಳಿದವರಿಗೆ ಕೊಟ್ಟು ಹೋಗಲು ಊರೆಲ್ಲ ಹುಡುಕಿದೆ, ನಮ್ಮ ವಯಸ್ಸಿನವರು ಒಬ್ಬರೂ ಉಳಿದಿಲ್ಲ. ಉಳಿದಿರುವವರು ತಾವು. ಕುಂಡಗಳನ್ನು ಗುಡ್ಡದ ಪಕ್ಕದಲ್ಲಿ ಸಾಲಾಗಿ ಇಟ್ಟಿದ್ದೇನೆ, ಜರೀಗಿಡಗಳಿಗೆ ಬಿಸಿಲು ಆಗಿಬರುವುದಿಲ್ಲ. ಕೊನೆಯದಾಗಿ, ಶನಿವಾರ ಮಧ್ಯಾಹ್ನ ಮೂರಕ್ಕೆ ದಯವಿಟ್ಟು ಲಾರ್ಕಿನ್ ಅವರ ಜಗುಲಿಗೆ ಹೋಗಿ ನಲವತ್ತು ನಿಮಿಷ ಕೂರಬೇಕು. ಪಾಠ ಹೇಳಲು ತಮಗೆ ಬರುತ್ತದೋ ಎಂದು ಅಳುಕಬೇಡಿ. ಯಾರ ಮಾತಿಗೂ ನಡುವೆ ಬಾಯಿ ಹಾಕದ ಗುಣ ಈ ಬೀದಿಯಲ್ಲಿ ತಮಗೊಬ್ಬರಿಗೇ ಇದೆ. ಅವರು ಒಂದು ಪದ ಹೇಳಿ ನಿಂತರೆ ತಾವೂ ನಿಲ್ಲಿ. ಎಷ್ಟೇ ಹೊತ್ತಾದರೂ ಅವರ ಮಾತನ್ನು ಅವರೇ ಮುಗಿಸಲಿ.

ಆರು ಹೆಜ್ಜೆ ದೂರದ ನೆರೆಯವಳಾಗಿದ್ದ,
ತಮ್ಮ ವಿಶ್ವಾಸಿ,
ಟ್ಯಾಮ್ಸಿನ್ ಡೋಹರ್ಟಿ

ತಾ.ಕ.: ಫೆಬ್ರುವರಿಯಲ್ಲಿ ಗುತ್ತಿಗೆದಾರನಿಗೆ ಬಿಡುವಿಲ್ಲವಂತೆ, ಗುದ್ದಲಿ ಬೀಳುವುದು ಆಗಸ್ಟ್ ಮೊದಲ ವಾರಕ್ಕೆ ಎಂದು ಗೊತ್ತಾಗಿದೆ. ತಮ್ಮ ಕುಲದವರು ವರ್ಷ ವರ್ಷವೂ ಹಳೆಯ ಗುಡ್ಡಕ್ಕೇ ಮರಳುತ್ತಾರೆಂದು ಕರಪತ್ರದಲ್ಲಿ ಓದಿದೆ. ಎಲೆ ತುಂಬಿದ ಇಪ್ಪತ್ತು ಚೀಲಗಳನ್ನು ಬೇಲಿಯ ಹಿಂದೆ ಮುಚ್ಚಿಟ್ಟಿದ್ದೇನೆ, ಕನ್ನಡಿಯನ್ನೂ ಒರೆಸಿ ಇಟ್ಟಿದ್ದೇನೆ. ಮುಂದಿನ ಸಲ ಜುಲೈ ಕೊನೆಗೇ ದಯಮಾಡಿಸಿದರೆ ಒಳ್ಳೆಯದು.