ಕೆಮ್ಮಿನ ಬೇಲಿ

ನಾಯಿಗಳನ್ನು ಒಳಗಿಡಲೆಂದು ಬೇಲಿ ಕಟ್ಟಿ, ಕೊನೆಗೆ ಆ ಬೇಲಿಯೊಳಗೆ ತಾವೇ ಜೀವಾವಧಿ ಶಿಕ್ಷೆ ಅನುಭವಿಸಿದವರು ಸಿರುಗುಪ್ಪದಲ್ಲಿ ಒಬ್ಬರೇ ಒಬ್ಬರಿದ್ದರು. ಅವರು ನನ್ನ ದೊಡ್ಡಪ್ಪ. ಇದನ್ನು ಉತ್ಪ್ರೇಕ್ಷೆ ಎಂದು ಭಾವಿಸುವ ಓದುಗರು ದಯವಿಟ್ಟು ಸ್ವಲ್ಪ ತಾಳ್ಮೆ ವಹಿಸಬೇಕು. ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ. ಆಧಾರವಿಲ್ಲದ ಮಾತನ್ನು ಬರೆಯಲು ನನಗೆ ಭಯ. ಈ ಪ್ರಕರಣಕ್ಕೆ ಆಧಾರಗಳು ಮೂರು, ಮೂರಕ್ಕೂ ಬಾಲಗಳಿವೆ.

ದೊಡ್ಡಪ್ಪನ ಮನೆ ಊರಿನ ಅಂಚಿನಲ್ಲಿ, ಅಕ್ಕಿ ಗಿರಣಿಯೊಂದರ ಹಿಂಬದಿಗಿದೆ. ಆ ಗಿರಣಿಯ ಗೋದಾಮಿನಲ್ಲಿಯೇ ಅವರು ಹರೆಯದಿಂದ ಮುಪ್ಪಿನವರೆಗೆ ದುಡಿದರು. ಭತ್ತವಿದ್ದ ಕಡೆ ಇಲಿಗಳು, ಇಲಿಗಳಿದ್ದ ಕಡೆ ಪಾಷಾಣ. ಪಾಷಾಣವನ್ನು ಹಿಟ್ಟಿನಲ್ಲಿ ಕಲಸಿ ಮೂಲೆಮೂಲೆಗೆ ಇಡುವ ಕೆಲಸ ದೊಡ್ಡಪ್ಪನದೇ ಆಗಿತ್ತು. ಅದನ್ನು ತಿಂದ ಇಲಿಗಳು ಬಾಯಾರಿ, ತೂರಾಡುತ್ತ ಬಯಲಿಗೆ ಬರುತ್ತವೆ. ಓಡಲಾರದ ಇಲಿಯನ್ನು ಯಾವ ನಾಯಿ ತಾನೇ ಬಿಟ್ಟೀತು? ಅವರ ಮೊದಲ ನಾಯಿ ರಾಜ ಅಂಥದೊಂದನ್ನು ತಿಂದು, ಮನೆಯವರೆಗೂ ನಡೆದು ಬಂದು, ದೊಡ್ಡಪ್ಪನ ಕಾಲ ಬಳಿಯೇ ಮೈ ಸೆಟೆದು ಸತ್ತಿತು. ಬೆಳಿಗ್ಗೆ ಹಿಟ್ಟು ಕಲಸಿದ ಕೈಯನ್ನು ಅವರು ಆ ಸಂಜೆಯಿಡೀ ತೊಳೆಯುತ್ತಲೇ ಇದ್ದರಂತೆ. ಮರುದಿನದಿಂದ ಆ ಕೆಲಸವನ್ನು ಅವರು ಮುಟ್ಟಲಿಲ್ಲ, ಬೇರೊಬ್ಬರು ಮುಟ್ಟಿದರು. ಗಿರಣಿ ನಿಲ್ಲುವುದಿಲ್ಲ, ಪಾಷಾಣ ನಿಲ್ಲುವುದಿಲ್ಲ, ಆದ್ದರಿಂದ ನಾಯಿಯೇ ನಿಲ್ಲಬೇಕು ಎಂಬ ತೀರ್ಮಾನಕ್ಕೆ ದೊಡ್ಡಪ್ಪ ಬಂದರು. ಬೇಲಿಯ ಇತಿಹಾಸ ಇಲ್ಲಿಂದ ಆರಂಭವಾಗುತ್ತದೆ.

ರಾಜನ ನಂತರ ಬಂದವು ಕರಿಯ ಮತ್ತು ಕೆಂಚಿ. ನನಗೆ ಕಾಲೇಜಿನಲ್ಲಿ ಕೆಲಸ ಸಿಕ್ಕ ವರ್ಷ ಬೀದಿಯಿಂದ ಮೂರನೆಯ ಮರಿಯೊಂದನ್ನು ಎತ್ತಿಕೊಂಡು ಬಂದು, ಅದಕ್ಕೆ ‘ಲೆಚ್ಚರ್’ ಎಂದು ಹೆಸರಿಟ್ಟರು.

"ನಿನ್ನ ಮ್ಯಾಲಿನ ಅಭಿಮಾನಕ್ಕ ಇಟ್ಟೀನಪ್ಪ. ಮಂದಿಗೂ ಗೊತ್ತಾಗಲಿ, ನಮ್ಮನ್ಯಾಗ ಒಬ್ಬ ಲೆಚ್ಚರ್ ಅದಾನ ಅಂತ," ಎಂದರು.

ಮಂದಿಗೆ ಗೊತ್ತಾಯಿತು. "ಲೇ ಲೆಚ್ಚರ್, ಗಟಾರದಾಗ ಬಾಯಿ ಹಾಕಬ್ಯಾಡಲೇ" ಎಂಬ ಕೂಗು ಓಣಿಯಲ್ಲಿ ಕೇಳಿದಾಗಲೆಲ್ಲ ನಾನು ನಿಂತಲ್ಲೇ ಬಟ್ಟೆ ಸರಿಪಡಿಸಿಕೊಳ್ಳುತ್ತಿದ್ದೆ.

ಮೊದಲ ಬೇಲಿ ಬಳ್ಳಾರಿ ಜಾಲಿಯ ಮುಳ್ಳುಗಂಟಿಗಳದು. ಅದನ್ನು ಕಡಿದು ತಂದು ಹರವಿದ ದೊಡ್ಡಪ್ಪನ ಮೈಯೆಲ್ಲ ಗೀರು. ಅದರ ಕೆಳಗೆ ಹೊಟ್ಟೆ ಎಳೆದುಕೊಂಡು ಹೊರಬಿದ್ದ ನಾಯಿಗಳ ಮೈಮೇಲೆ ಒಂದು ಗೀರೂ ಇಲ್ಲ. ಎರಡನೆಯದು ಕುರುಗೋಡಿನಿಂದ ತರಿಸಿದ ಕಲ್ಲಿನ ಚಪ್ಪಡಿಗಳ ಸಾಲು. ಚಪ್ಪಡಿಯನ್ನು ಹಾರುವ ಗೋಜಿಗೆ ಹೋಗದೆ ನಾಯಿಗಳು ಅದರ ಬುಡವನ್ನು ಅಗೆದವು. ಆಗ ಶಿಕ್ಷಣದಿಂದ ಕುಟುಂಬಕ್ಕೆ ಏನಾದರೂ ಪ್ರಯೋಜನವಾಗಲಿ ಎಂದು ನಾನು ಒಂದು ಸಲಹೆ ನೀಡಿದೆ. ಹೊರಗಿನ ದೃಶ್ಯ ಕಂಡರೆ ಮಾತ್ರ ನಾಯಿಗಳಿಗೆ ಹೊರಹೋಗುವ ಆಸೆ ಹುಟ್ಟುತ್ತದೆ, ದೃಶ್ಯವನ್ನು ಮರೆಮಾಡಬೇಕು ಎಂದು ಎಲ್ಲಿಯೋ ಓದಿದ್ದೆ. ದೊಡ್ಡಪ್ಪ ತಡಮಾಡಲಿಲ್ಲ. ಮರುದಿನ ಬೇಲಿಯುದ್ದಕ್ಕೂ ದೊಡ್ಡವ್ವನ ಸೀರೆಗಳು.

"ಮನಿಯಾಗ ಮದುವಿ ಐತೇನ್ರಿ?" ಎಂದು ಹಾದುಹೋಗುವವರು ಕೇಳತೊಡಗಿದರು.

"ಹೂನ್ರಿ," ಎಂದರು ದೊಡ್ಡವ್ವ. "ಉಡಾಕ ಮತ್ತೊಂದಿಲ್ಲ, ಇಲ್ಲಂದ್ರ ನಾನೂ ಬರ್ತಿದ್ದೆ."

ಅಂದು ಸಂಜೆ ಕೆಂಚಿ ಕಾಮನಬಿಲ್ಲಿನ ಬಣ್ಣದ ಸೀರೆಯೊಂದನ್ನು ಕೊರಳಿಗೆ ಸುತ್ತಿಕೊಂಡು ಬಸ್ ನಿಲ್ದಾಣದವರೆಗೂ ಹೋಗಿ ಬಂದಿತು. ನನ್ನ ಸಲಹೆಯನ್ನು ಆಮೇಲೆ ಯಾರೂ ಕೇಳಲಿಲ್ಲ.

ದೊಡ್ಡಪ್ಪ ಸ್ವಂತ ಸಂಶೋಧನೆಗೆ ಇಳಿದರು. ನಾಯಿಯ ದಾರಿ ನಾಯಿಯ ಎತ್ತರದಿಂದಲೇ ಕಾಣಬೇಕು ಎಂಬುದು ಅವರ ಸಿದ್ಧಾಂತ. ಲುಂಗಿಯನ್ನು ಎತ್ತಿ ಕಟ್ಟಿ, ಅಂಗೈ ಮತ್ತು ಮೊಣಕಾಲು ಊರಿ, ಬೇಲಿಯ ಬುಡವನ್ನು ಮೂಸುತ್ತ ಹೊರಟರು. ಗೇಟಿನ ಕೆಳಗೆ ಒಂದು ಸಂದು ದೊರೆಯಿತು. ಅದರಲ್ಲಿ ತಲೆ ಹೋಯಿತು, ಭುಜವೂ ಹೋಯಿತು, ಉಳಿದದ್ದು ಹೋಗಲಿಲ್ಲ. ಅವರು ಸಂತೆಗೆ ಹೋಗಿದ್ದಾಗಲೇ ಹೊರಬಿದ್ದಿದ್ದ ಮೂರು ನಾಯಿಗಳೂ ಹೊರಗೆ ಸಾಲಾಗಿ ನಿಂತು ನೋಡುತ್ತಿದ್ದವು. ಆಗಲೇ ಗಿರಣಿಯ ಕಾವಲುಗಾರ ಅತ್ತ ಬರಬೇಕೆ?

"ಏನ್ರಿ ಯಜಮಾನ್ರ, ಒಳಗ ಹೊಂಟೀರೋ, ಹೊರಗ ಬರಾಕ ಹತ್ತೀರೋ?"

"ಅದನ್ನ ಆಮ್ಯಾಲೆ ವಿಚಾರ ಮಾಡೋಣು. ಮೊದಲ ಯಾವ ಕಡಿಗಾರ ಎಳೀರಿ."

ಕಟ್ಟಿಹಾಕಬಾರದಿತ್ತೇ ಎಂದು ತಾವು ಕೇಳಬಹುದು. ಕಟ್ಟಿದ್ದರು. ಕೆಂಚಿ ಸರಪಳಿಯ ಸಮೇತ ಚಪ್ಪಡಿ ಹಾರಲು ಹೋಗಿ, ಆಚೆ ಬದಿಯಲ್ಲಿ ನೇತಾಡುತ್ತಿತ್ತು. ದೊಡ್ಡಪ್ಪ ನೋಡುವಷ್ಟರಲ್ಲಿ ಅದರ ನಾಲಗೆ ಕಪ್ಪಾಗಿತ್ತು. ಎತ್ತಿ ಬಿಡಿಸಿಕೊಂಡು, ಅದು ಉಸಿರಾಡುವವರೆಗೆ ಎದೆಗೆ ಒತ್ತಿ ಹಿಡಿದು ಕುಳಿತರು. ಆಮೇಲೆ ಎದ್ದು ಸರಪಳಿಗಳನ್ನೆಲ್ಲ ಕಾಲುವೆಗೆ ಎಸೆದು ಬಂದರು.

ಇಷ್ಟೆಲ್ಲ ಆದ ಮೇಲೆ ಒಂದು ಸತ್ಯ ಹೊರಬಿತ್ತು. ದೊಡ್ಡಪ್ಪ ಮನೆಯಲ್ಲಿದ್ದಾಗ ಗೇಟು ತೆರೆದಿದ್ದರೂ ನಾಯಿಗಳು ಹೊಸ್ತಿಲು ದಾಟುತ್ತಿರಲಿಲ್ಲ. ಅವರು ಹೊರಗೆ ಹೋದಾಗ ಮಾತ್ರ, ಅವರನ್ನು ಹುಡುಕಲೆಂದೇ, ಬೇಲಿ ಮುರಿಯುತ್ತಿದ್ದವು. ಇದಕ್ಕೆ ಪರಿಹಾರ ಸುಲಭವಾಗಿತ್ತು. ದೊಡ್ಡಪ್ಪ ಹೊರಗೆ ಹೋಗುವುದನ್ನೇ ನಿಲ್ಲಿಸಿದರು. ಗಿರಣಿಯ ಕೆಲಸ ಹೇಗೂ ಮುಗಿದಿತ್ತು. ಸಂತೆಗಿಲ್ಲ, ಮದುವೆಗಿಲ್ಲ, ಮಣ್ಣಿಗಿಲ್ಲ. ಬೇವಿನ ಮರದ ಕಟ್ಟೆಯ ಮೇಲೆ ಕುಳಿತು ಕೆಮ್ಮುತ್ತಿದ್ದರು.

ಈ ಕೆಮ್ಮಿನ ವಿಷಯವನ್ನು ಮೊದಲೇ ಹೇಳಬೇಕಿತ್ತು. ಗಿರಣಿಯ ಹೊಟ್ಟಿನ ಧೂಳು, ತೌಡಿನ ಧೂಳು ಎಲ್ಲವೂ ಅವರ ಎದೆಯಲ್ಲಿ ಸಂಗ್ರಹವಾಗಿದ್ದವು. ಆ ಕೆಮ್ಮಿಗೆ ಒಂದು ಕ್ರಮವಿತ್ತು. ಮೊದಲು ಒಣಗಿದ ಒಂದು ಉದ್ದನೆಯ ಸರಣಿ, ನಂತರ ಉಸಿರಿಗಾಗಿ ಒಂದು ಎಳೆತ, ಆಮೇಲೆ ಗಂಟಲನ್ನು ಬುಡದಿಂದ ಕೆರೆದು ಉಗುಳುವುದು. ಉಗುಳುವ ಹಂತ ಬಂದ ಕೂಡಲೇ ಅಡುಗೆಮನೆಯಿಂದ ದೊಡ್ಡವ್ವ, ತಲೆಯನ್ನೂ ಎತ್ತದೆ, "ಹೊರಗ ಹೋಗಿ ಉಗುಳ್ರಿ" ಎನ್ನುತ್ತಿದ್ದರು. ನಾನು ಹುಟ್ಟುವುದಕ್ಕೂ ಮುಂಚಿನಿಂದ ಅವರ ದಾಂಪತ್ಯದಲ್ಲಿ ಈ ಸಂಭಾಷಣೆ ನಡೆದು ಬಂದಿತ್ತು.

ನನಗೆ ಹೆಣ್ಣು ನೋಡಲು ಕುರುಗೋಡಿಗೆ ಹೋಗಬೇಕಾಯಿತು. ನನ್ನ ತಂದೆ ಇಲ್ಲದ ಕಾರಣ ಹಿರಿಯರ ಸ್ಥಾನದಲ್ಲಿ ದೊಡ್ಡಪ್ಪ ಬರಲೇಬೇಕು. ಅವರು ಬಂದರು, ಲಗೇಜ್ ಆಟೋದಲ್ಲಿ, ಮೂರೂ ನಾಯಿಗಳೊಡನೆ. ಹೆಣ್ಣಿನವರ ಮನೆಯ ಮುಂದೆ ಆಟೋ ನಿಲ್ಲಿಸಿಕೊಂಡು ಅದರಲ್ಲಿಯೇ ಕುಳಿತರು. ಉಪ್ಪಿಟ್ಟು ಹೊರಗೆ ಹೋಯಿತು. ಅದನ್ನು ತಿಂದವರು ಯಾರು ಎಂದು ನಾನು ವಿಚಾರಿಸಲಿಲ್ಲ.

"ನಿಮ್ಮ ದೊಡ್ಡಪ್ಪಾರು ಒಳಗ ಬರಾಂಗಿಲ್ಲೇನ್ರಿ?" ಎಂದು ಹುಡುಗಿಯ ತಂದೆ ಕೇಳಿದರು.

ನಾನು ಸೂಕ್ತ ಉತ್ತರವನ್ನು ರೂಪಿಸಿಕೊಳ್ಳುತ್ತಿದ್ದಾಗ ಹೊರಗಿನಿಂದ ದೊಡ್ಡಪ್ಪನ ದನಿ ಕೇಳಿತು. "ಲೇ ಲೆಚ್ಚರ್, ಕಂಡೋರ ಮನಿ ಬಾಗಿಲದಾಗ ಕಾಲೆತ್ತಬ್ಯಾಡಲೇ."

ಸಂಬಂಧ ಕೂಡಿ ಬರಲಿಲ್ಲ. ನಾಯಿಗಳ ಕಾರಣದಿಂದಲ್ಲ ಎಂದು ಅವರು ಹೇಳಿ ಕಳುಹಿಸಿದರು. ನಾಯಿಗಳ ಮಾತನ್ನು ನಾವು ಎತ್ತಿರಲೇ ಇಲ್ಲ.

ಕಳೆದ ಮಳೆಗಾಲದ ಹೊತ್ತಿಗೆ ದೊಡ್ಡಪ್ಪ ಕಟ್ಟೆಯಿಂದ ಬಾಗಿಲಿಗೆ ನಡೆದರೂ ಏದುಸಿರು ಬಿಡುವಂತಾಯಿತು. ಅವರನ್ನು ಪರೀಕ್ಷಿಸಿದ ಸ್ಥಳೀಯ ವೈದ್ಯರು ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು, ತಡಮಾಡಿದರೆ ಉಳಿಯುವುದಿಲ್ಲ ಎಂದು ನನಗೆ ಹೇಳಿದರು. ನಾನು ದೊಡ್ಡಪ್ಪನಿಗೆ ಹೇಳಿದೆ.

"ನಾ ಹೋದ್ರ ಇವು ಹೊರಗ ಬೀಳ್ತಾವ. ಹೊರಗ ಬಿದ್ರ ಸಾಯ್ತಾವ," ಎಂದರು.

"ನೀವು ಬರಲಿಲ್ಲಂದ್ರ ನೀವು ಸಾಯ್ತೀರಿ ದೊಡ್ಡಪ್ಪ."

"ನಾ ಒಬ್ಬಾವ. ಅವು ಮೂರು."

ನಾನು ಅರ್ಥಶಾಸ್ತ್ರ ಬೋಧಿಸುವವನು. ಆದರೂ ಈ ಲೆಕ್ಕವನ್ನು ಬೆರಳು ಮಡಚಿ ಮತ್ತೊಮ್ಮೆ ಮಾಡಿ ನೋಡಿದೆ.

ಕೊನೆಗೆ ಒಂದು ಪ್ರಯೋಗಕ್ಕೆ ಅವರು ಒಪ್ಪಿದರು. ಅವರ ಲುಂಗಿ, ಬನಿಯನ್, ಟವೆಲ್ ಎಲ್ಲವನ್ನೂ ಧರಿಸಿ ನಾನು ಕಟ್ಟೆಯ ಮೇಲೆ ಕುಳಿತೆ. ಅವರು ಹಿತ್ತಲಿನಿಂದ ನೆರೆಮನೆಗೆ ಸರಿದರು. ಕರಿಯ ನನ್ನನ್ನು ಒಂದು ಸುತ್ತು ಮೂಸಿತು. ಲೆಚ್ಚರ್ ನನ್ನ ಮುಖವನ್ನು, ಕಾಯಂ ಆಗದ ಸಹೋದ್ಯೋಗಿಯ ಮುಖವನ್ನು ನೋಡುವಂತೆ ನೋಡಿ, ಎದ್ದು ಹೋಗಿ ಗೇಟಿನ ಕೆಳಗೆ ಅಗೆಯತೊಡಗಿತು. "ನೋಡಿದೆ?" ಎಂದು ದೊಡ್ಡಪ್ಪ ಗೆದ್ದವರಂತೆ ಮರಳಿ ಬಂದರು.

ಆ ಗೆಲುವು ಬಹಳ ಕಾಲ ಉಳಿಯಲಿಲ್ಲ. ಒಂದು ಮಧ್ಯಾಹ್ನ ಅವರ ತುಟಿಗಳು ನೀಲಿಯಾದವು. ಬೇಡ ಎನ್ನಲು ಉಸಿರಿರಲಿಲ್ಲವಾದ್ದರಿಂದ ಅವರನ್ನು ಬಳ್ಳಾರಿಗೆ ಸಾಗಿಸಲು ಸಾಧ್ಯವಾಯಿತು.

ಮರುದಿನ ಆಸ್ಪತ್ರೆಯಲ್ಲಿ ನನ್ನ ಫೋನಿಗೆ ದೊಡ್ಡವ್ವನ ಕರೆ ಬಂತು. "ಕರಿಯ ಅರ್ಧ ಹೊರಗ ಹೋಗೈತೋ ಯಪ್ಪಾ. ಬಾಲ ಹಿಡಕೊಂಡು ಕುಂತೀನಿ. ಉಳಿದೆರಡು ಅಗ್ಯಾಕ ಹತ್ಯಾವ. ಏನ್ ಮಾಡ್ಲಿ ಹೇಳು."

ದೊಡ್ಡಪ್ಪನಿಗೂ ಕೇಳಲೆಂದು ನಾನು ಫೋನಿನ ಸ್ಪೀಕರ್ ಹಾಕಿದೆ. ಅವರು ಮುಖದ ಆಮ್ಲಜನಕದ ಮುಸುಕನ್ನು ಕಿತ್ತು ನಾಯಿಗಳನ್ನು ಬಯ್ಯಲು ಬಾಯಿ ತೆರೆದರು. ಬಂದದ್ದು ಬೈಗುಳವಲ್ಲ, ಕೆಮ್ಮು. ಅದು ಮುಗಿದಾಗ ಅತ್ತ ಕಡೆ ಅಗೆಯುವ ಸದ್ದು ನಿಂತಿತ್ತು.

"ಬಂದ್ವು," ಎಂದರು ದೊಡ್ಡವ್ವ.

"ಯಾರು ಬಂದ್ರು?"

"ಮೂರೂ ಬಂದು ಫೋನಿನ ಮುಂದ ಕುಂತಾವ."

ಅಂದಿನಿಂದ ದೊಡ್ಡಪ್ಪ ಫೋನಿನಲ್ಲಿ ಕೆಮ್ಮತೊಡಗಿದರು. ಅವರಿಗೆ ಕೆಮ್ಮು ಕರ್ತವ್ಯವಾಯಿತು. ಕೆಮ್ಮು ನಿಲ್ಲಿಸುವ ಔಷಧವನ್ನು ಕುಡಿಯಲು ನಿರಾಕರಿಸಿದರು. ನರ್ಸ್ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಅಜ್ಜಾ, ಮಂದಿ ಇಲ್ಲಿ ಕೆಮ್ಮು ಬಿಟ್ಟು ಹೋಗಾಕ ಬರ್ತಾರ. ನೀ ಕೆಮ್ಮು ಉಳಿಸ್ಕೊಂಡು ಹೋಗಾಕ ಬಂದೀಯೇನು?"

ಪಕ್ಕದ ಹಾಸಿಗೆಯಲ್ಲಿದ್ದ ಆದೋನಿ ಕಡೆಯ ರೋಗಿ ತನ್ನ ನೋವು ಮರೆತು, "ಏಮಿ ಪೆದ್ದಾಯನಾ, ಫೋನಲೋ ಎಂದುಕು ದಗ್ಗುತಾವು?" ಎಂದು ತೆಲುಗಿನಲ್ಲಿ ವಿಚಾರಿಸಿದ. ಫೋನಿನಲ್ಲಿ ಏಕೆ ಕೆಮ್ಮುತ್ತೀರಿ ಎಂಬ ಆ ಸರಳ ಪ್ರಶ್ನೆಗೆ ದೊಡ್ಡಪ್ಪ ಮತ್ತೊಮ್ಮೆ ಫೋನಿನಲ್ಲಿ ಕೆಮ್ಮಿಯೇ ಉತ್ತರಿಸಿದರು.

ಕೆಮ್ಮನ್ನು ಧ್ವನಿಮುದ್ರಿಸಿ ಊರಿಗೆ ಮುಟ್ಟಿಸಿದರೆ ಔಷಧ ಕುಡಿಯುವುದಾಗಿ ಅವರು ಮಾತು ಕೊಟ್ಟರು. ನನ್ನ ಹಳೆಯ ಫೋನನ್ನು ಅವರ ಬಾಯಿಯ ಬಳಿ ಹಿಡಿದೆ. ಮೊದಲನೆಯದು ಅವರಿಗೆ ಒಪ್ಪಿಗೆಯಾಗಲಿಲ್ಲ.

"ಇದು ಹೊರಗಿನವ್ರು ಬಂದಾಗ ಕೆಮ್ಮೋದು. ಅಳಿಸು."

ಎರಡನೆಯದು ನನಗೆ ಚೆನ್ನಾಗಿಯೇ ಕೇಳಿಸಿತು.

"ಉಗುಳೋದು ಎಲ್ಲೈತಿ ಇದರಾಗ? ಅದಿಲ್ಲಂದ್ರ ಕರಿಯ ನಂಬಾಂಗಿಲ್ಲ," ಎಂದು ಎದ್ದು ಕುಳಿತು, ಕಣ್ಣಲ್ಲಿ ನೀರು ಬರುವವರೆಗೆ ಮೊದಲಿನಿಂದ ಕೆಮ್ಮಿ, ಉಸಿರೆಳೆದು, ಉಗುಳುವುದನ್ನೂ ಸೇರಿಸಿ ಪೂರ್ಣಗೊಳಿಸಿದರು. ಅದನ್ನು ಮತ್ತೊಮ್ಮೆ ಕೇಳಿ, "ಹಾಂ, ಇದು ನಾನು," ಎಂದರು.

ಫೋನನ್ನು ಸಿರುಗುಪ್ಪಕ್ಕೆ ಒಯ್ದು ದೊಡ್ಡವ್ವನಿಗೆ ಒತ್ತುವ ಜಾಗವನ್ನು ತೋರಿಸಿಕೊಟ್ಟು ಬಂದೆ. ದೊಡ್ಡಪ್ಪ ಔಷಧ ಕುಡಿದರು. ಆ ವಾರವೇ ಒಂದು ಬೆಳಿಗ್ಗೆ ಅವರ ಹಾಸಿಗೆಯಿಂದ ಕೆಮ್ಮು ಕೇಳಿಸಲಿಲ್ಲ. ಔಷಧ ಫಲಿಸಿತೆಂದು ಸಂತೋಷಪಟ್ಟು ನಾನು ಅವರಿಗೆ ಚಹಾ ತರಲು ಹೋದೆ.

ಅವರನ್ನು ಮನೆಯ ಪಡಸಾಲೆಯಲ್ಲಿ, ಸತ್ತವರನ್ನು ಕೂರಿಸುವ ನಮ್ಮ ಪದ್ಧತಿಯಂತೆ, ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹಾರ. ಭಜನೆಯವರು ಬಂದಿದ್ದರು, ಊರೆಲ್ಲ ಬಂದಿತ್ತು, ಆದ್ದರಿಂದ ಗೇಟು ಪೂರ್ತಿ ತೆರೆದಿತ್ತು. ನಾಯಿಗಳು ಜನರ ಕಾಲುಗಳ ನಡುವೆ ದೊಡ್ಡಪ್ಪನನ್ನು ಹುಡುಕಿದವು. ಅಲ್ಲಿ ಕುಳಿತಿದ್ದವರನ್ನು ಕರಿಯ ಮೂಸಿತು, ಗುರುತು ಹಿಡಿಯಲಿಲ್ಲ. ಮೂರೂ ಗೇಟಿನ ಕಡೆಗೆ, ಗಿರಣಿಯ ಕಡೆಗೆ ಹೊರಟವು.

ದೊಡ್ಡವ್ವ ಅಳುವುದನ್ನು ಅರ್ಧಕ್ಕೆ ನಿಲ್ಲಿಸಿ, ಸೊಂಟದಿಂದ ಫೋನನ್ನು ತೆಗೆದು ಒತ್ತಿದರು.

ಪಡಸಾಲೆಯಲ್ಲಿ ದೊಡ್ಡಪ್ಪ ಕೆಮ್ಮಿದರು. ಭಜನೆ ನಿಂತಿತು. ಹಾರ್ಮೋನಿಯಂ ನುಡಿಸುತ್ತಿದ್ದವರು ಹಾರ್ಮೋನಿಯಂ ಬಿಟ್ಟು ಅಂಗಳದಲ್ಲಿದ್ದರು. ಬಂಧುಗಳಲ್ಲಿ ಹಿರಿಯರೊಬ್ಬರು ಹಾರವನ್ನು ತೆಗೆಯಲು ಕೈಯಿಟ್ಟು, "ಡಾಕ್ಟರು ಸರಿಯಾಗಿ ನೋಡಿದ್ರೇನಲೇ?" ಎಂದು ನನ್ನನ್ನು ಗದರಿಸಿದರು. ಇದು ಧ್ವನಿಮುದ್ರಿಕೆ ಎಂದು ನಾನು ಶುದ್ಧವಾದ ಕನ್ನಡದಲ್ಲಿ ವಿವರಿಸಿದೆ. ಕೇಳಿಸಿಕೊಂಡವರಿಲ್ಲ. ಅಷ್ಟರಲ್ಲಿ ಉಗುಳುವ ಸದ್ದೂ ಬಂದು ಹೋಯಿತು. ಗೇಟಿನವರೆಗೆ ಹೋಗಿದ್ದ ನಾಯಿಗಳು ತಿರುಗಿ ಬಂದು, ದೊಡ್ಡಪ್ಪನ ಪಾದದ ಬಳಿ ಮೂತಿ ಊರಿ ಮಲಗಿದವು.

"ಯಾರಾರ ಒಬ್ರು ಗೇಟ್ ಹಾಕ್ರಿ," ಎಂದು ಹೇಳಿ ದೊಡ್ಡವ್ವ ಮತ್ತೆ ಅಳಲು ತೊಡಗಿದರು.

ಜೀವನವಿಡೀ ಆ ಕೆಮ್ಮನ್ನು ಕೇಳಿದ ದೊಡ್ಡವ್ವನಿಗೆ ಇನ್ನಾದರೂ ಅದರಿಂದ ಬಿಡುಗಡೆ ಸಿಗಲಿ ಎಂದು ನಾನು ಗೌಂಡಿಯನ್ನು ಕರೆಸಿ, ಆಳವಾದ ಪಾಯ ತೋಡಿಸಿ, ಅಂಗಳದ ಸುತ್ತ ಎತ್ತರದ ಗೋಡೆ ಕಟ್ಟಿಸಿದೆ. ಗೇಟಿನ ಕೆಳಗೆ ಕಾಂಕ್ರೀಟು ಹಾಕಿಸಿದೆ. ಇನ್ನು ಇರುವೆಗೂ ಸಂದಿಲ್ಲ. ಕೆಮ್ಮಿನ ಅಗತ್ಯ ಇನ್ನಿಲ್ಲ ಎಂದು ತಿಳಿಸಿ ಬಂದೆ.

ಮೊನ್ನೆ ಭಾನುವಾರ ಮಧ್ಯಾಹ್ನ ಸಿರುಗುಪ್ಪಕ್ಕೆ ಹೋಗಿದ್ದೆ. ಗೇಟು ಭದ್ರವಾಗಿ ಮುಚ್ಚಿತ್ತು. ಬೇವಿನ ನೆರಳಿನಲ್ಲಿ ಮೂರೂ ನಾಯಿಗಳು ಕಾಲು ಚಾಚಿ ನಿದ್ರಿಸುತ್ತಿದ್ದವು. ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು. ಅಡುಗೆಮನೆಯಲ್ಲಿ ದೊಡ್ಡವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಫೋನು ಪಡಸಾಲೆಯಲ್ಲಿ, ಅಂದು ದೊಡ್ಡಪ್ಪನನ್ನು ಕೂರಿಸಿದ್ದ ಗೋಡೆಯ ಬಳಿ ಇತ್ತು.

"ನಾಯಿ ಮಲಗ್ಯಾವಲ್ಲ ದೊಡ್ಡವ್ವ. ಮತ್ಯಾಕ ಹಚ್ಚೀದಿ?"

"ಅವು ಮಲಗ್ಯಾವ," ಎಂದರು ದೊಡ್ಡವ್ವ. "ಕುಂದ್ರು. ಇದೊಂದು ಮುಗೀಲಿ, ಚಾ ಇಡ್ತೀನಿ."

ನಾನು ಕುಳಿತೆ. ಕೆಮ್ಮಿನ ಸರಣಿ ಮುಗಿಯಿತು. ಉಸಿರಿನ ಎಳೆತ ಬಂತು. ನಂತರ ಗಂಟಲು ಕೆರೆಯುವ ಸದ್ದು. ದೊಡ್ಡವ್ವನ ಕೈ ಮೊರದ ಮೇಲೆ ನಿಂತಿತು.

"ಹೊರಗ ಹೋಗಿ ಉಗುಳ್ರಿ," ಎಂದರು, ತಲೆ ಎತ್ತದೆ.