ಮಾವನ ಹಂದಿ ರೂಪಾಯಿ

ಬ್ರಿಟಿಷರು ಈ ದೇಶ ಬಿಟ್ಟು ಹೋದ ಸುದ್ದಿ ನಮ್ಮ ಸೋದರಮಾವನಿಗೆ ಇನ್ನೂ ಮುಟ್ಟಿಲ್ಲವೆಂದೇ ನನ್ನ ಗುಮಾನಿ! ಪುಣೆಯ ಖಡಕಿಯಲ್ಲಿ ಅವನ ಮನೆ, ಬ್ರಿಟಿಷರ ಕಾಲದ ನಾಣ್ಯ ಕೂಡಿಡುವುದೇ ಅವನ ಹುಚ್ಚು. ಅಲ್ಲಿ ವಿಕ್ಟೋರಿಯಾ ರಾಣಿಯ ಯೋಗಕ್ಷೇಮ ಮುಗಿದ ಮೇಲೆಯೇ ನಮ್ಮದು. ಹಳೆಯ ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯಬೇಕು, ಅದರ ಮುಂದೆ ಸೀನಬಾರದು, ಎಲ್ಲಕ್ಕಿಂತ ಹೆಚ್ಚಾಗಿ ಅದನ್ನು ತೊಳೆಯಲೇಬಾರದು. ಹಳೆಯ ಕಪ್ಪೇ ಅದರ ಮರ್ಯಾದೆಯಂತೆ, ಅದು ಹೋದರೆ ಬೆಲೆಯೂ ಹೋದಂತೆಯೇ. ನನಗೆ ಮಾತ್ರ ಕೈಕಾಲು ತೊಳೆಯದೆ ಹೊಸಿಲು ದಾಟಲು ಬಿಡುತ್ತಿರಲಿಲ್ಲ!

ಭಾನುವಾರ ಬೆಳಿಗ್ಗೆ ಅವನ ಪಡಸಾಲೆಯಲ್ಲಿ ದರ್ಬಾರು. ಬರುವವರು ಇಬ್ಬರೇ: ನಿವೃತ್ತ ಮರಾಠಿ ಮಾಸ್ತರರು, ಧಾರವಾಡದ ಕಡೆಯ ಒಬ್ಬ ಬಟ್ಟೆ ವ್ಯಾಪಾರಿ. ಏಳನೆಯ ಎಡ್ವರ್ಡ್ ತನ್ನ ರೂಪಾಯಿಯಲ್ಲಿ ಕಿರೀಟವಿಲ್ಲದೆ ಬೋಳುತಲೆಯಲ್ಲೇ ಕುಳಿತಿರುವುದು ವ್ಯಾಪಾರಿಗೆ ಬಲು ಸಮಾಧಾನ. ಅವರ ತಲೆಯೂ ಬೋಳಾಗುತ್ತಿತ್ತು.

ದರ್ಬಾರಿನ ಕಣ್ಮಣಿ ಮಾತ್ರ ಮಾವನ 'ಹಂದಿ ರೂಪಾಯಿ'. ಐದನೆಯ ಜಾರ್ಜನ ನಿಲುವಂಗಿಯ ಮೇಲಿನ ಪುಟ್ಟ ಆನೆ ಹಂದಿಯಂತೆ ಕಂಡು ಜನ ಸಿಟ್ಟಾದರಂತೆ, ಸರ್ಕಾರ ಆ ರೂಪಾಯಿಗಳನ್ನು ಕರಗಿಸಿತಂತೆ. ಉಳಿದವು ಕೆಲವೇ. ಅಂಥ ಒಂದಕ್ಕಾಗಿ ಮಾವ ಸ್ಕೂಟರ್ ಮಾರಿ ಸೈಕಲ್ ಹಿಡಿದಿದ್ದ. ಇಷ್ಟಾಗಿಯೂ ನನ್ನ ಕಣ್ಣಿಗೆ ಆನೆಯೂ ಕಾಣಲಿಲ್ಲ, ಹಂದಿಯೂ ಕಾಣಲಿಲ್ಲ!

ಆ ವರ್ಷ ಅತ್ತೆಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಹಿಸುಕಲೆಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡು ಮಂಚದ ಕೆಳಗೆ ಧೂಳು ತಿನ್ನುತ್ತಿತ್ತು. ನಾಲ್ಕು ತಿಂಗಳಿಂದ ಮಾವನೇ ಅನ್ನ ಕಲಸಿ ಉಣಿಸುತ್ತಿದ್ದ, ಅದೂ ಒಬ್ಬೊಬ್ಬ ರಾಜನ ಹೆಸರು ಹೇಳಿ ಒಂದೊಂದು ತುತ್ತು! ಅತ್ತೆ ನಗುತ್ತಿದ್ದಳು. ಕೈ ಮಾತ್ರ ಏಳುತ್ತಿರಲಿಲ್ಲ.

ದೀಪಾವಳಿಯ ಲಕ್ಷ್ಮೀಪೂಜೆ ಭಾನುವಾರವೇ ಬಿತ್ತು. ಬೆಳಿಗ್ಗೆ ಗೆಳೆಯರ ಮುಂದೆ ಮಾವ ಡಬ್ಬಿ ತೆರೆದರೆ ಹಂದಿಯೇ ಇಲ್ಲ. ಹುಡುಕಿದಾಗ ಅದು ದೇವರ ಮುಂದಿನ ತಟ್ಟೆಯಲ್ಲಿ ಸಿಕ್ಕಿತು, ನಿನ್ನೆ ಟಂಕಸಾಲೆಯಿಂದ ಬಂದಂತೆ ಫಳಫಳ ಹೊಳೆಯುತ್ತ! ಕಪ್ಪೆಲ್ಲ ಮಾಯ, ರಾಜನ ಮುಖದ ತುಂಬ ಗೀರು. ಮಾಸ್ತರರು ಹೋಯಿತೆಂದು ಮರಾಠಿಯಲ್ಲಿ ಗೊಣಗಿ ಭೂತಗನ್ನಡಿ ಕೆಳಗಿಟ್ಟರು. ವ್ಯಾಪಾರಿ ಟೊಪ್ಪಿಗೆ ತೆಗೆದರು.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು. "ಲಕ್ಷ್ಮೀ ಮುಂದ ಕರೀ ರೂಪಾಯಿ ಹ್ಯಾಂಗ ಇಡ್ಲಿರಿ? ಅದಕ್ಕ ವಿಭೂತಿ ಹಚ್ಚಿ ತಿಕ್ಕಿದೆ."

ಇನ್ನು ಮನೆಯಲ್ಲಿ ಮಹಾಯುದ್ಧವೇ ಎಂದುಕೊಂಡೆ. ಆದರೆ ಮಾವ ನಾಣ್ಯವನ್ನು ನೋಡುತ್ತಲೇ ಇರಲಿಲ್ಲ.

"ಯಾವ ಕೈಲೆ ತಿಕ್ಕಿದಿ?" ಎಂದ.

ಅತ್ತೆ ತನ್ನ ಬಲಗೈಯನ್ನು ಆಗಷ್ಟೇ ಕಂಡವಳಂತೆ ನೋಡಿಕೊಂಡಳು. ಬೆರಳ ಸಂದಿಯಲ್ಲೆಲ್ಲ ವಿಭೂತಿ. "ಇದ್ರಲೇರಿ" ಎಂದಳು, ಮೆಲ್ಲಗೆ.

ಮಾವ ಇಡೀ ಡಬ್ಬಿಯನ್ನು ತಂದು ಅವಳ ಮುಂದಿಟ್ಟ. "ರಾಣೀನೂ ಭಾಳ ಕರ್ರಗಾಗ್ಯಾಳ. ಆಕೀನೂ ತಿಕ್ಕು."

ಅತ್ತೆ ರಾಣಿಯ ಮುಖದ ಮೇಲೇ ಹೆಬ್ಬೆಟ್ಟು ಊರಿ ತಿಕ್ಕತೊಡಗಿದಳು. ಅಂಚಿನಲ್ಲಿ ಹಿಡಿ ಎಂದು ಮಾವ ಹೇಳಲಿಲ್ಲ.